ಮರಿಯಮ್ಮನ ಮುಖ ಬೂದಿಯಾಗಿದ್ದೇಕೆ? ಹಳೆಯ ಚಿತ್ರ ನೋಡಿ ತೈಲವರ್ಣ ಕಲಿಯುವವರಿಗೆ

ಪ್ರಶ್ನೆ: ನಾನು ಉಡುಪಿ ಕಡೆಯವಳು. ಕೆಲವು ವರ್ಷ ಜಲವರ್ಣ ಮಾಡಿ ಈಗ ತೈಲವರ್ಣಕ್ಕೆ ಕೈ ಹಾಕಿದ್ದೇನೆ. ಯಾರ ಹತ್ತಿರವೂ ಕಲಿತಿಲ್ಲ. ಇಟಲಿಯ ಸಾಸ್ಸೊಫೆರಾಟೊ ಬರೆದ ‘ಪ್ರಾರ್ಥನೆಯಲ್ಲಿರುವ ಕನ್ಯಾಮರಿಯ’ ಚಿತ್ರ ನನಗೆ ತುಂಬಾ ಇಷ್ಟ. ಫೋನಿನಲ್ಲಿ ಅದನ್ನು ನೋಡುತ್ತಾ, ಅಂಗಡಿಯಿಂದ ತಂದ ಬಿಳಿ ಕ್ಯಾನ್ವಾಸ್ ಮೇಲೆ ಬರೆದೆ. ಮುಖ ಬೂದಿ ಬಣ್ಣವಾಯಿತು. ನೀಲಿ ಹೊದಿಕೆ ಪ್ಲಾಸ್ಟಿಕ್ ಹಾಳೆಯ ಥರ ಕಾಣುತ್ತದೆ. ‘ನಕಲು ಮಾಡಿ ಏನು ಕಲಿತೀಯಾ’ ಅಂತ ಗೆಳತಿಯರು ಕೇಳುತ್ತಾರೆ. ಈ ಚಿತ್ರ ಬಿಟ್ಟು ಸುಲಭದ್ದು ಹಿಡಿಯಲಾ? ನಾನು ಎಲ್ಲಿ ತಪ್ಪಿದೆ?

ಉತ್ತರ: ಬಿಡಬೇಡಿ. ತೈಲವರ್ಣ ಕಲಿಯುವವರಿಗೆ ಇಷ್ಟು ಒಳ್ಳೆಯ ಪಾಠದ ಚಿತ್ರ ಸಿಗುವುದು ಕಷ್ಟ. ಇರುವುದು ಒಂದೇ ಆಕೃತಿ. ಹಿಂದೆ ಬರೀ ಕತ್ತಲೆ. ಬಾಗಿದ ತಲೆ, ಜೋಡಿಸಿದ ಕೈ, ಬಿಳಿ ಮುಸುಕು, ನೀಲಿ ಹೊದಿಕೆ, ಕೆಂಪು ಉಡುಪು. ಮನೆಯಿಲ್ಲ, ಮರವಿಲ್ಲ, ದೇವದೂತರ ಗುಂಪಿಲ್ಲ. ಕಲಿಯುವವರನ್ನು ಗೊಂದಲಕ್ಕೆ ಬೀಳಿಸುವ ಯಾವುದೂ ಇಲ್ಲ. ಆದರೆ ಬೆಳಕು, ನೆರಳು, ಚರ್ಮ, ಬಟ್ಟೆ, ಬೆರಳು ಎಲ್ಲವೂ ಇವೆ. ಸುಲಭ ಅಂತ ಹೂಕುಂಡವನ್ನೋ ಸೂರ್ಯಾಸ್ತವನ್ನೋ ಹಿಡಿದರೆ ಇದರಲ್ಲಿ ಅರ್ಧವೂ ಕಲಿಯಲು ಸಿಗುವುದಿಲ್ಲ.

ನಿಮ್ಮ ಎರಡೂ ತೊಂದರೆಗಳ ಮೂಲ ಒಂದೇ. ಮುಗಿದ ಚಿತ್ರದ ಮೇಲ್ಮೈಯನ್ನು ನೋಡಿ, ಅದನ್ನೇ ಒಂದೇ ಸಲಕ್ಕೆ ಬರೆಯಲು ಹೋಗಿದ್ದೀರಿ. ಆ ಚಿತ್ರ ಹಾಗೆ ಆದದ್ದಲ್ಲ. ಒಂದರ ಮೇಲೊಂದು ಪದರ ಕೂತು ಆದದ್ದು. ಕೆನ್ನೆಯಲ್ಲಿ ನಿಮಗೆ ಕಾಣುವ ಬಣ್ಣ ಯಾವ ಟ್ಯೂಬಿನಲ್ಲೂ ಇಲ್ಲ, ಪ್ಯಾಲೆಟ್ ಮೇಲೂ ಇರಲಿಲ್ಲ. ಕೆಳಗಿನ ಕಂದು ಮತ್ತು ಮೇಲಿನ ತೆಳು ಬಿಳುಪು ಸೇರಿ ಕಣ್ಣಿಗೆ ಹಾಗೆ ಕಾಣುತ್ತದೆ. ಆದ್ದರಿಂದ ನಕಲು ಮಾಡಬೇಕಾದ್ದು ಚಿತ್ರ ಆದ ಕ್ರಮವನ್ನು. ಯಾವುದು ಮೊದಲು, ಯಾವುದು ಆಮೇಲೆ, ಎಲ್ಲಿ ತೆಳು, ಎಲ್ಲಿ ದಪ್ಪ. ಅದು ಗೊತ್ತಾದರೆ ಬಣ್ಣ ತಾನಾಗಿ ಹತ್ತಿರ ಬರುತ್ತದೆ.

ನಿಮ್ಮ ಗೆಳತಿಯರ ಮಾತಿಗೆ ಬರೋಣ. ಈ ಚಿತ್ರ ಬರೆದವನೇ ನಕಲು ಮಾಡಿ ಕಲಿತವನು. ಜೊವಾನ್ನಿ ಬಟ್ಟಿಸ್ಟಾ ಸಾಲ್ವಿ ಅವನ ಹೆಸರು. 1609ರಲ್ಲಿ ಮಧ್ಯ ಇಟಲಿಯ ಸಾಸ್ಸೊಫೆರಾಟೊದಲ್ಲಿ ಹುಟ್ಟಿದ. ಊರಿನ ಹೆಸರೇ ಅವನಿಗೂ ಅಂಟಿತು. ಅಪ್ಪನೂ ಚಿತ್ರಕಾರ. ಇಟಲಿಯ ಹೆಸರಾಂತ ಚಿತ್ರಕಾರರಾದ ರಾಫೆಲ್, ಪೆರುಜಿನೊ, ಗ್ವೀಡೊ ರೇನಿ ಇವರ ಚಿತ್ರಗಳನ್ನು ಮತ್ತೆ ಮತ್ತೆ ನಕಲು ಮಾಡಿದ. ತನ್ನದೇ ಮರಿಯಮ್ಮನ ಚಿತ್ರಗಳನ್ನೂ ಬೇರೆ ಬೇರೆಯವರಿಗಾಗಿ ಎಷ್ಟೋ ಸಲ ಬರೆದುಕೊಟ್ಟ. ಮನೆಯಲ್ಲಿ ಇಟ್ಟು ಪ್ರಾರ್ಥಿಸಲು ಇಂಥ ಚಿತ್ರ ಬೇಕು ಎನ್ನುವವರು ಆಗ ಜಾಸ್ತಿ ಇದ್ದರು. ಅವನು 1685ರಲ್ಲಿ ತೀರಿಕೊಂಡ. ಇಂಗ್ಲೆಂಡಿನ ವಿಂಡ್ಸರ್ ಅರಮನೆಯ ಸಂಗ್ರಹದಲ್ಲಿ ಅವನ ಸೀಮೆಸುಣ್ಣದ ರೇಖಾಚಿತ್ರಗಳು ತುಂಬಾ ಇವೆ. ಕೆಲವುದರ ಮೇಲೆ ಚೌಕಗಳ ಗೆರೆ ಎಳೆದಿದೆ. ರೇಖಾಚಿತ್ರವನ್ನು ಕ್ಯಾನ್ವಾಸಿಗೆ ಸಾಗಿಸಲು ಎಳೆದ ಗೆರೆಗಳವು. ಹಾಗಾಗಿ ನೀವು ಚೌಕ ಹಾಕಿ ಬರೆದರೆ ನಾಚಿಕೊಳ್ಳಬೇಕಾದ್ದೇನೂ ಇಲ್ಲ.

ಫ್ಲಾಂಡರ್ಸ್‌ನ (ಈಗಿನ ಬೆಲ್ಜಿಯಮ್ ಕಡೆಯ) ಚಿತ್ರಕಾರ ರೂಬೆನ್ಸ್ ಕಥೆ ಗೊತ್ತಿರಬಹುದು. 1628–29ರಲ್ಲಿ ಮ್ಯಾಡ್ರಿಡ್‌ಗೆ ಹೋದಾಗ ಅವನಿಗೆ ಐವತ್ತು ದಾಟಿತ್ತು. ಯುರೋಪಿನಲ್ಲೆಲ್ಲಾ ಹೆಸರಾಗಿದ್ದ. ಆದರೂ ಅಲ್ಲಿನ ರಾಜನ ಸಂಗ್ರಹದಲ್ಲಿದ್ದ, ತನಗಿಂತ ಹಿಂದಿನ ಇಟಲಿಯ ಚಿತ್ರಕಾರ ಟೀಷಿಯನ್‌ನ ‘ಆಡಮ್ ಮತ್ತು ಈವ್’ ಮುಂದೆ ಕೂತು ನಕಲು ಮಾಡಿದ. ಆ ಮೂಲ, ಈ ನಕಲು ಎರಡೂ ಈಗ ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಮ್ಮಿನಲ್ಲಿವೆ. ಪ್ಯಾರಿಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲಿ ಇವತ್ತಿಗೂ ಅನುಮತಿ ಪಡೆದು, ಈಸೆಲ್ ಇಟ್ಟುಕೊಂಡು ನಕಲು ಮಾಡಬಹುದು. ನಿಯಮ ಏನೆಂದರೆ, ಅಳತೆ ಮೂಲದಷ್ಟೇ ಇರಬಾರದು. ನಮ್ಮ ರವಿವರ್ಮನೂ ತಿರುವಾಂಕೂರಿಗೆ ಬಂದಿದ್ದ ಥಿಯೊಡೋರ್ ಜೆನ್ಸನ್ ಎಂಬ ಚಿತ್ರಕಾರ ಕೆಲಸ ಮಾಡುವುದನ್ನು ನೋಡಿ ನೋಡಿಯೇ ತೈಲವರ್ಣದ ಗುಟ್ಟು ಹಿಡಿದ. ಅವನು ನೋಡಿದ್ದು ಕ್ರಮವನ್ನೇ ಅಲ್ವಾ? ನಮ್ಮ ಮುಂದೆ ಕೂತು ಬರೆಯುವವರು ಇಲ್ಲದಾಗ ಮುಗಿದ ಚಿತ್ರದಿಂದ ಆ ಕ್ರಮವನ್ನು ಬಿಡಿಸಿ ತೆಗೆಯಬೇಕು. ಅದೇ ನಕಲಿನ ಪಾಠ.

ಮೂಲ ಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. 1640–50ರ ನಡುವಿನದು ಎನ್ನುತ್ತಾರೆ. ಎತ್ತರ 73 ಸೆಂಟಿಮೀಟರ್, ಅಗಲ 57.7. ಗ್ಯಾಲರಿಯ ವೆಬ್‌ಸೈಟಿನಲ್ಲಿ ಹತ್ತಿರಕ್ಕೆ ಎಳೆದು ನೋಡುವಂಥ ಒಳ್ಳೆಯ ಫೋಟೊ ಇದೆ. ಅದನ್ನೇ ಆಧಾರವಾಗಿ ಇಟ್ಟುಕೊಳ್ಳಿ. ಕ್ಯಾಲೆಂಡರಿನ, ಪ್ರಾರ್ಥನೆ ಕಾರ್ಡಿನ ಪ್ರಿಂಟುಗಳು ಬೇಡ. ಅವುಗಳಲ್ಲಿ ನೆರಳೆಲ್ಲ ಒಂದೇ ಕಪ್ಪಾಗಿ, ಕೆನ್ನೆಯೆಲ್ಲ ಒಂದೇ ಗುಲಾಬಿಯಾಗಿ ಬಿಟ್ಟಿರುತ್ತದೆ. ಫೋನ್ ಪರದೆಯೂ ಬೇಡ. ಪರದೆಯ ಹಿಂದಿನಿಂದ ಬೆಳಕು ಬರುತ್ತದೆ, ಬಣ್ಣಕ್ಕೆ ಆ ಹೊಳಪು ತರಲಾಗುವುದಿಲ್ಲ. ಅದನ್ನು ಹಿಡಿಯಲು ಹೋಗಿ ಬಿಳಿ ಸುರಿಯುತ್ತೀರಿ. ಒಳ್ಳೆಯ ಫೋಟೊ ಅಂಗಡಿಯಲ್ಲಿ ಮ್ಯಾಟ್ ಕಾಗದದ ಮೇಲೆ ಎರಡು ಪ್ರಿಂಟ್ ಹಾಕಿಸಿ. ಒಂದು ಬಣ್ಣದ್ದು, ಒಂದು ಕಪ್ಪು-ಬಿಳುಪು. ಮೊದಲ ಅರ್ಧ ಕೆಲಸಕ್ಕೆ ಕಪ್ಪು-ಬಿಳುಪಿನದ್ದೇ ಸಾಕು.

ಬಣ್ಣ ಮುಟ್ಟುವ ಮೊದಲು ಒಂದು ಸಂಜೆ ಸುಮ್ನೆ ನೋಡಿ. ಕಣ್ಣು ಕಿರಿದು ಮಾಡಿ ನೋಡಿ. ಸಣ್ಣ ವಿವರಗಳು ಮಾಯವಾಗಿ ದೊಡ್ಡ ಆಕಾರಗಳು ಉಳಿಯುತ್ತವೆ. ಮುಸುಕಿನ ಬಿಳಿ ಒಂದು ತುಂಡು. ಮುಖದ ಬೆಳಕು ಒಂದು ತುಂಡು. ಕೈಗಳದ್ದು ಇನ್ನೊಂದು. ಉಳಿದದ್ದೆಲ್ಲ ಒಂದಕ್ಕೊಂದು ಸೇರಿಹೋದ ಕತ್ತಲೆ. ಈಗ ಮುಖಕ್ಕೆ ಬನ್ನಿ. ಮುಸುಕಿನ ನೆರಳು ಮುಖದ ಮೇಲ್ಭಾಗದ ಮೇಲೆ ಬಿದ್ದಿದೆ. ಕಣ್ಣುಗಳು ಕೆಳಗೆ ಬಾಗಿವೆ. ಕಣ್ಣಿನ ಬಿಳಿ ಎಲ್ಲೂ ಕಾಣುವುದಿಲ್ಲ. ರೆಪ್ಪೆ ಅಂತ ನಾವು ಅಂದುಕೊಳ್ಳುವುದು ನೆರಳಿನೊಳಗೆ ಇನ್ನೊಂದು ಮೆತ್ತನೆಯ ನೆರಳು, ಅಷ್ಟೇ. ಹೊಸಬರು ಅಲ್ಲಿ ಕಪ್ಪು ಗೆರೆ ಎಳೆದು, ರೆಪ್ಪೆಗೂದಲು ಒಂದೊಂದಾಗಿ ಬರೆದುಬಿಡುತ್ತಾರೆ. ಅಲ್ಲಿಗೆ ಪ್ರಾರ್ಥನೆ ಹೋಗಿ ಸಿನಿಮಾ ಪೋಸ್ಟರ್ ಆಗುತ್ತದೆ. ಈ ಮುಖದ ಶಾಂತಿ ಇರುವುದೇ ಕಣ್ಣನ್ನು ಪೂರ್ತಿ ಹೇಳದೆ ಬಿಟ್ಟದ್ದರಲ್ಲಿ. ನೀವೂ ಹೇಳದೆ ಬಿಡಲು ಕಲಿಯಬೇಕು. ತೈಲವರ್ಣದಲ್ಲಿ ಅದು ಎಲ್ಲಕ್ಕಿಂತ ಕಷ್ಟ.

ಸಾಮಾನು ಜಾಸ್ತಿ ಬೇಡ. 20×16 ಇಂಚಿನ ಕ್ಯಾನ್ವಾಸ್ ತೆಗೆದುಕೊಳ್ಳಿ. ಮೂಲದ ಎತ್ತರ-ಅಗಲದ ಹೊಂದಿಕೆಗೆ ಅದು ತುಂಬಾ ಹತ್ತಿರ. ಮೇಲಿನ ಕಪ್ಪಿನಲ್ಲಿ ಒಂದು ಎಳೆ ಕಡಿಮೆಯಾಗುತ್ತದೆ ಅಷ್ಟೇ. ಬಣ್ಣಗಳು: ಟೈಟಾನಿಯಮ್ ವೈಟ್, ಯೆಲ್ಲೊ ಓಕರ್ (ಮಣ್ಣಿನ ಹಳದಿ), ಕ್ಯಾಡ್ಮಿಯಮ್ ರೆಡ್, ಬರ್ಂಟ್ ಸಿಯೆನ್ನಾ (ಕೆಂಗಂದು), ರಾ ಅಂಬರ್, ಬರ್ಂಟ್ ಅಂಬರ್ (ಎರಡೂ ಕಂದು), ಅಲ್ಟ್ರಾಮರೀನ್ (ನೀಲಿ), ಮತ್ತೆ ಗ್ಲೇಜ್ ಮಾಡಲು, ಅಂದರೆ ಒಣಗಿದ ಬಣ್ಣದ ಮೇಲೆ ಪಾರದರ್ಶಕ ಬಣ್ಣ ತೆಳುವಾಗಿ ಹರಡಲು, ಪರ್ಮನೆಂಟ್ ಅಲಿಜರಿನ್ (ಆಳವಾದ ಕೆಂಪು). ಹಳೆಯ ಅಲಿಜರಿನ್ ಕ್ರಿಮ್ಸನ್ ಬೆಳಕಿಗೆ ಮಾಸುತ್ತದೆ, ಅದಕ್ಕೇ ಪರ್ಮನೆಂಟ್ ಅಂದೆ. ಕಪ್ಪು ಟ್ಯೂಬ್ ತರಬೇಡಿ. ತಂದಿದ್ದರೆ ಈ ಚಿತ್ರ ಮುಗಿಯುವವರೆಗೆ ಒಳಗೆ ಇಡಿ. ಕ್ಯಾಮೆಲ್‌ನ ಆರ್ಟಿಸ್ಟ್ ಬಣ್ಣಗಳೇ ಸಾಕು. ವಿದೇಶಿ ಟ್ಯೂಬಿಗೆ ದುಡ್ಡು ಹಾಕುವುದಾದರೆ ಅಲ್ಟ್ರಾಮರೀನ್ ಒಂದಕ್ಕೆ ಹಾಕಿ. ಬ್ರಶ್‌ನಲ್ಲಿ ಒರಟು ಕೂದಲಿನ ಹಾಗ್ ಬ್ರಶ್ ಎರಡು, ಮೆತ್ತನೆಯ ಸಿಂಥೆಟಿಕ್ ಫಿಲ್ಬರ್ಟ್ (ತುದಿ ದುಂಡಗಿರುವ ಚಪ್ಪಟೆ ಬ್ರಶ್) ಎರಡು, ಸಣ್ಣ ರೌಂಡ್ ಒಂದು.

ಬಿಳಿ ಕ್ಯಾನ್ವಾಸ್ ಮೇಲೆ ನೇರ ಶುರುಮಾಡಿದ್ದೇ ನಿಮ್ಮ ಮೊದಲ ತೊಡಕು. ಜಲವರ್ಣದಲ್ಲಿ ಕಾಗದದ ಬಿಳಿಯೇ ಬೆಳಕು, ಅಲ್ಲಿಂದ ಕತ್ತಲೆಗೆ ಇಳಿಯುತ್ತಾ ಹೋಗುತ್ತೀರಿ. 17ನೇ ಶತಮಾನದ ಇಟಲಿಯಲ್ಲಿ ಕಂದು ಅಥವಾ ಕೆಂಗಂದು ಬಳಿದ ಕ್ಯಾನ್ವಾಸ್ ಮೇಲೆ ಕೆಲಸ ಮಾಡುವುದು ಸಾಮಾನ್ಯವಾಗಿತ್ತು. ನಡುವಿನ ಬಣ್ಣ ಮೊದಲೇ ಇರುವುದರಿಂದ ಕತ್ತಲೆಗೂ ಬೆಳಕಿಗೂ ಸಮ ದೂರ. ಬರೋಕ್ ಅಂತ ಕರೆಯುವ ಆ ಕಾಲದ ಶೈಲಿಯ ಚಿತ್ರಗಳಲ್ಲಿ ಕತ್ತಲೆಯೊಳಗಿಂದ ಆಕೃತಿ ಮೇಲೆ ಬಂದ ಹಾಗೆ ಕಾಣುವುದಕ್ಕೆ ಅದೂ ಒಂದು ಕಾರಣ. ನೀವು ಅಕ್ರಿಲಿಕ್ ಬರ್ಂಟ್ ಅಂಬರ್‌ಗೆ ಸ್ವಲ್ಪ ಓಕರ್ ಸೇರಿಸಿ, ನೀರಾಗಿಸಿ, ಇಡೀ ಕ್ಯಾನ್ವಾಸಿಗೆ ಬಳಿದು ಬಟ್ಟೆಯಿಂದ ಒರೆಸಿ. ಸ್ವಲ್ಪ ಹೊತ್ತಿನಲ್ಲಿ ಒಣಗುತ್ತದೆ. ಅಕ್ರಿಲಿಕ್ ಮೇಲೆ ತೈಲ ಹಾಕಬಹುದು. ತೈಲದ ಮೇಲೆ ಅಕ್ರಿಲಿಕ್ ಮಾತ್ರ ಎಂದೂ ಹಾಕಬೇಡಿ, ಹಿಡಿದು ನಿಲ್ಲುವುದಿಲ್ಲ.

ಆಮೇಲೆ ರೇಖೆ. ಕ್ಯಾನ್ವಾಸ್ ಮೇಲೆ ಎರಡೆರಡು ಇಂಚಿನ ಚೌಕ ಹಾಕಿದರೆ ಉದ್ದಕ್ಕೆ ಹತ್ತು, ಅಡ್ಡಕ್ಕೆ ಎಂಟು. ಪ್ರಿಂಟನ್ನೂ ಅಷ್ಟೇ ಭಾಗ ಮಾಡಿ. ಇದ್ದಿಲಿನ ಕಡ್ಡಿಯಿಂದ ಹಗುರಾಗಿ ಬರೆಯಿರಿ. ಮೊದಲು ಮುಸುಕಿನ ಹೊರಗೆರೆ, ಆಮೇಲೆ ಮುಖದ ಓರೆ, ಆಮೇಲೆ ನೆರಳಿನ ಗಡಿ. ನೆರಳಿನ ಗಡಿಯನ್ನೂ ಮೂಗಿನಷ್ಟೇ ಮುಖ್ಯ ಅಂತ ತಿಳಿದು ಬರೆಯಿರಿ. ತಲೆ ಬಾಗಿರುವುದರಿಂದ ಕಣ್ಣುಗಳ ಸಾಲು, ಬಾಯಿಯ ಸಾಲು ಎರಡೂ ಓರೆಯಾಗಿವೆ. ನಮ್ಮ ಕೈ ಅದನ್ನು ನೆಟ್ಟಗೆ ಮಾಡಲು ನೋಡುತ್ತಲೇ ಇರುತ್ತದೆ. ಮುಖ ಹೋಲುತ್ತಿಲ್ಲ ಅಂತ ಬರುವ ದೂರುಗಳಲ್ಲಿ ಹೆಚ್ಚಿನವು ಇಲ್ಲೇ ಹುಟ್ಟುತ್ತವೆ. ಕ್ಯಾನ್ವಾಸನ್ನೂ ಪ್ರಿಂಟನ್ನೂ ತಲೆಕೆಳಗೆ ಮಾಡಿ ಪಕ್ಕಪಕ್ಕ ಇಟ್ಟು ನೋಡಿ, ತಪ್ಪು ಎದ್ದು ಕಾಣುತ್ತದೆ. ಸರಿಯಾದ ಗೆರೆಗಳನ್ನು ತೆಳು ಅಂಬರ್‌ನಿಂದ ತಿದ್ದಿ, ಇದ್ದಿಲನ್ನು ಕೊಡವಿಬಿಡಿ.

ಈಗ ಬಣ್ಣವಿಲ್ಲದ ಚಿತ್ರ. ಬರ್ಂಟ್ ಅಂಬರ್ ಒಂದನ್ನೇ ಟರ್ಪೆಂಟೈನ್‌ನಲ್ಲಿ ತೆಳುಮಾಡಿ ಎಲ್ಲಾ ನೆರಳುಗಳನ್ನೂ ಹಾಕಿ. ಹಿನ್ನೆಲೆ, ಹೊದಿಕೆಯ ಮಡಿಕೆಗಳು, ಮುಖದ ನೆರಳು, ಬೆರಳುಗಳ ಸಂದು. ಬೆಳಕು ಬೇಕಾದಲ್ಲಿ ಬಟ್ಟೆಯಿಂದ ಒರೆಸಿ ತೆಗೆಯಿರಿ. ಬಿಳಿ ಮುಟ್ಟಬೇಡಿ. ಇದು ಮುಗಿದಾಗ ಕಂದು ಬಣ್ಣದ ಹಳೆಯ ಫೋಟೊ ಥರ ಕಾಣಬೇಕು. ಕಪ್ಪು-ಬಿಳುಪು ಪ್ರಿಂಟಿನ ಜೊತೆ ಹೋಲಿಸಿ. ಇಲ್ಲಿ ಸರಿಬಾರದ್ದು ಬಣ್ಣ ಹಾಕಿದ ಮೇಲೆ ಸರಿಹೋಗುತ್ತದೆ ಅನ್ನುವ ಆಸೆ ಬೇಡ, ಹೋಗುವುದಿಲ್ಲ. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ. ಬೇಸಿಗೆಯಲ್ಲಿ ಎರಡು-ಮೂರು ದಿನ ಸಾಕು. ನಿಮ್ಮ ಕಡೆಯ ಮಳೆಗಾಲದಲ್ಲಿ ಇನ್ನೂ ಜಾಸ್ತಿ ಕಾಯಿರಿ.

ಇನ್ನು ಆ ಬೂದಿಯ ವಿಷಯ. ಹೊಸಬರು ಚರ್ಮದ ಬಣ್ಣ ಅಂತ ಒಂದನ್ನು ಕಲಸಿಕೊಂಡು, ನೆರಳಿಗೆ ಅದಕ್ಕೇ ಕಪ್ಪು ಸೇರಿಸುತ್ತಾರೆ, ಬೆಳಕಿಗೆ ಬಿಳಿ ಸೇರಿಸುತ್ತಾರೆ. ನೀವು ಮಾಡಿದ್ದೂ ಇದೇ ಇರಬೇಕು. ಕಪ್ಪು, ಬಿಳಿ, ಹಳದಿ ಸೇರಿದರೆ ತಣ್ಣನೆಯ ಹಸಿರುಬೂದು ಬರುತ್ತದೆ. ಅದನ್ನು ಮುಖದ ಮೇಲೆ ಹಾಕಿದರೆ ಜೀವ ಹೋಯಿತು ಅಂತಲೇ ಲೆಕ್ಕ. ಹಳಬರ ದಾರಿ ಬೇರೆ. ನೆರಳು ತೆಳು, ಪಾರದರ್ಶಕ, ಬೆಚ್ಚಗೆ. ಬೆಳಕು ದಪ್ಪ, ಅಪಾರದರ್ಶಕ, ಸ್ವಲ್ಪ ತಣ್ಣಗೆ. ಮುಖದ ನೆರಳಿನಲ್ಲಿ ನೀವು ಹೊಸದಾಗಿ ಹಾಕುವುದು ಬಹಳ ಕಡಿಮೆ. ಕೆಳಗಿನ ಅಂಬರ್ ಹಾಗೇ ಇರುತ್ತದೆ. ಅದರ ಮೇಲೆ ಬರ್ಂಟ್ ಸಿಯೆನ್ನಾಕ್ಕೆ ಒಂದು ಹನಿ ಓಕರ್ ಸೇರಿಸಿ ತೆಳುವಾಗಿ ಸವರಿದರೆ ಆಯಿತು.

ಬೆಳಕಿಗೆ ಬಿಳಿ, ಓಕರ್, ತುಸು ಕ್ಯಾಡ್ಮಿಯಮ್ ರೆಡ್. ಕ್ಯಾಡ್ಮಿಯಮ್ ತುಂಬಾ ಬಲವಾದದ್ದು, ಚೂರಿಯ ತುದಿಯಲ್ಲಿ ತೆಗೆಯಿರಿ. ಕೆನ್ನೆ, ತುಟಿ, ಬೆರಳ ತುದಿಗಳಿಗೆ ಕೆಂಪು ಒಂದು ಚೂರು ಹೆಚ್ಚು. ಹಣೆಗೆ, ಗಲ್ಲಕ್ಕೆ ಓಕರ್ ಹೆಚ್ಚು. ಇವೆರಡರ ನಡುವೆ, ಬೆಳಕು ಹೋಗಿ ನೆರಳು ಬರುವ ಜಾಗ ಇದೆಯಲ್ಲ, ಅಲ್ಲೇ ಮಜಾ. ಅಲ್ಲಿಗೆ ಬೇರೆ ಬಣ್ಣ ಕಲಸಬೇಡಿ. ಬೆಳಕಿನ ಬಣ್ಣವನ್ನೇ ಬ್ರಶ್‌ನಲ್ಲಿ ಬಹಳ ಕಡಿಮೆ ತೆಗೆದುಕೊಂಡು, ಒಣಗಿದ ಕಂದಿನ ಮೇಲೆ ತೆಳುವಾಗಿ ಎಳೆಯಿರಿ. ಕತ್ತಲೆಯ ಮೇಲೆ ತೆಳು ಬಿಳುಪು ಕೂತಾಗ ಕಣ್ಣಿಗೆ ಅದು ಮುತ್ತಿನಂಥ ನೀಲಿಬೂದಾಗಿ ಕಾಣುತ್ತದೆ. ನೀಲಿ ಹಾಕಿಯೇ ಇರುವುದಿಲ್ಲ. ಮಣಿಕಟ್ಟಿನಲ್ಲಿ ನರ ನೀಲಿಯಾಗಿ ಕಾಣುವುದೂ ಬೆಳಕಿನ ಇಂಥದೇ ಆಟ. ಆ ಒಂದು ಎಳೆತ ಸರಿಬಂದ ಕ್ಷಣ ಕೆನ್ನೆ ತಿರುಗುತ್ತದೆ, ಚಪ್ಪಟೆ ಕ್ಯಾನ್ವಾಸ್ ಮೇಲೆ ದುಂಡು ಬರುತ್ತದೆ. ಇಷ್ಟು ವರ್ಷವಾದರೂ ನನಗೆ ಅದನ್ನು ನೋಡುವಾಗ ಖುಷಿ ತಡೆಯಲಾಗುವುದಿಲ್ಲ. ಕಲಿಯುವವರ ಕೈಯಲ್ಲಿ ಅದು ಮೊದಲ ಸಲ ಆದಾಗಂತೂ ಇನ್ನೂ ಜಾಸ್ತಿ.

ಟೈಟಾನಿಯಮ್ ವೈಟ್ ಬಗ್ಗೆ ಒಂದು ಎಚ್ಚರ. ಸಾಸ್ಸೊಫೆರಾಟೊ ಕಾಲದವರ ಬಿಳಿ ಸೀಸದ್ದು. ಅದು ಬೆಚ್ಚಗಿನ ಬಿಳಿ, ತೆಳುವಾಗಿ ಎಳೆದರೆ ಸ್ವಲ್ಪ ಪಾರದರ್ಶಕವೂ ಆಗುತ್ತದೆ. ಆದರೆ ವಿಷ. ಮನೆಯಲ್ಲಿ ಕೆಲಸ ಮಾಡುವವರು ಅದರ ತಂಟೆಗೆ ಹೋಗಬಾರದು. ಟೈಟಾನಿಯಮ್ ಅದಕ್ಕಿಂತ ಮುಚ್ಚುವ ಶಕ್ತಿ ಹೆಚ್ಚಿರುವ ತಣ್ಣನೆಯ ಬಿಳಿ. ಅಳತೆ ಮೀರಿದರೆ ಮುಖ ಸುಣ್ಣ ಬಳಿದ ಗೋಡೆಯಾಗುತ್ತದೆ. ಅದಕ್ಕೆ ಚಿಟಿಕೆ ಓಕರ್ ಸೇರಿಸಿಟ್ಟುಕೊಂಡು, ಅದನ್ನೇ ನಿಮ್ಮ ಬಿಳಿ ಅಂತ ಬಳಸಿ.

ಈ ಚಿತ್ರದ ಮೇಲ್ಮೈ ಬಹಳ ನುಣುಪು, ಬ್ರಶ್ ಗುರುತು ಹುಡುಕಬೇಕು. ಹಾಗಂತ ಶುರುವಿನಿಂದಲೇ ಉಜ್ಜಿ ಉಜ್ಜಿ ನುಣ್ಣಗೆ ಮಾಡಲು ಹೋದರೆ ಎಲ್ಲಾ ಸೇರಿ ಕೆಸರಾಗುತ್ತದೆ. ಒಂದೊಂದು ಬಣ್ಣವನ್ನು ಅದರದರ ಜಾಗದಲ್ಲಿ ಪಕ್ಕಪಕ್ಕ ಕೂರಿಸಿ. ದೂರ ನಿಂತು ನೋಡಿ. ಸರಿ ಅನ್ನಿಸಿದ ಮೇಲೆ ಒಣ ಮೆತ್ತನೆ ಬ್ರಶ್‌ನಿಂದ ಸೇರುವ ಗಡಿಯನ್ನಷ್ಟೇ ಮುಟ್ಟಿ. ಎಲ್ಲಾ ಗಡಿಯನ್ನೂ ಅಲ್ಲ. ಮುಸುಕಿನ ನೆರಳು ಬೀಳುವ ಕಡೆ ಅಂಚು ಸ್ಪಷ್ಟ, ಕೆನ್ನೆ ತಿರುಗುವ ಕಡೆ ಮೆತ್ತಗೆ. ಪ್ರಿಂಟಿನಲ್ಲಿ ಒಂದೊಂದು ಅಂಚನ್ನೂ ಹಿಂಬಾಲಿಸಿ ಹೋಗಿ, ಎಲ್ಲಿ ಗಟ್ಟಿ, ಎಲ್ಲಿ ಕರಗುತ್ತದೆ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ.

ಕೈಗಳನ್ನು ಮುಖದಷ್ಟೇ ತಾಳ್ಮೆಯಿಂದ ಮಾಡಿ. ಐದೈದು ಬೆರಳು ಅಂತ ಎಣಿಸಿ ಬರೆಯಬೇಡಿ. ಎರಡು ಅಂಗೈ ಸೇರಿ ಆದ ಒಂದು ಆಕಾರ ಅಂತ ಹಿಡಿಯಿರಿ. ಬೆರಳುಗಳ ನಡುವಿನ ಗೆರೆಗೆ ಕಪ್ಪು ಬೇಡ. ಅಲ್ಲಿ ಬೆಳಕು ಚರ್ಮದಿಂದ ಚರ್ಮಕ್ಕೆ ತಾಗಿ ಕೆಂಪಾಗಿರುತ್ತದೆ, ಬರ್ಂಟ್ ಸಿಯೆನ್ನಾಕ್ಕೆ ಅಲಿಜರಿನ್ ಸೇರಿಸಿ ಹಾಕಿ. ಕಷ್ಟವಾದರೆ ಕಿಟಕಿಯ ಪಕ್ಕ ಕೂತು ನಿಮ್ಮ ಕೈಯನ್ನೇ ಜೋಡಿಸಿ ಕನ್ನಡಿಯಲ್ಲಿ ನೋಡಿ. ಸಾಸ್ಸೊಫೆರಾಟೊ ಯಾಕೆ ಹಾಗೆ ಹಾಕಿದ ಅಂತ ಕೈಗೇ ಗೊತ್ತಾಗುತ್ತದೆ.

ನೀಲಿ ಹೊದಿಕೆ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಆ ಕಾಲದಲ್ಲಿ ಒಳ್ಳೆಯ ಅಲ್ಟ್ರಾಮರೀನ್ ಬರುತ್ತಿದ್ದದ್ದು ಆಫ್ಘಾನಿಸ್ತಾನದ ಬದಕ್ಷಾನ್ ಗಣಿಗಳ ಲಾಪಿಸ್ ಲಾಜುಲಿ ಕಲ್ಲಿನಿಂದ. ಕಲ್ಲನ್ನು ಕುಟ್ಟಿ ಪುಡಿಮಾಡಿದರೆ ಸಾಲದು, ಒಳಗಿನ ನೀಲಿಯನ್ನು ಬೇರ್ಪಡಿಸುವುದೇ ದೊಡ್ಡ ಕೆಲಸ. ಚಿತ್ರಕಾರರ ಬಣ್ಣಗಳಲ್ಲೇ ಅತಿ ದುಬಾರಿ ಅದು. ಮರಿಯಮ್ಮನ ಹೊದಿಕೆಗೆ ಅದನ್ನು ಬಳಸುವುದೇ ಒಂದು ಕಾಣಿಕೆ. 1820ರ ದಶಕದಲ್ಲಿ ಫ್ರಾನ್ಸಿನಲ್ಲಿ ಕೃತಕವಾಗಿ ತಯಾರಿಸುವ ದಾರಿ ಸಿಕ್ಕಿದ ಮೇಲೆ ಅದು ಎಲ್ಲರ ಕೈಗೂ ಬಂತು. ನಿಮ್ಮ ಟ್ಯೂಬಿನಲ್ಲಿರುವುದು ಈ ಕೃತಕ ಅಲ್ಟ್ರಾಮರೀನ್. ಗುಣ ಹೆಚ್ಚುಕಮ್ಮಿ ಅದೇ. ಎಣ್ಣೆಯಲ್ಲಿ ಅದು ಪಾರದರ್ಶಕ. ಹಾಗೇ ದಪ್ಪವಾಗಿ ಹಾಕಿದರೆ ಕಪ್ಪಾಗಿ ಕಾಣುತ್ತದೆ, ಬರೀ ಬಿಳಿ ಸೇರಿಸಿ ಹಾಕಿದರೆ ಪೇಂಟ್ ಡಬ್ಬಿಯ ನೀಲಿಯಾಗುತ್ತದೆ. ನಿಮ್ಮ ಪ್ಲಾಸ್ಟಿಕ್ ಬಂದದ್ದು ಅಲ್ಲಿಂದಲೇ. ಎಲ್ಲಾ ಮಡಿಕೆಗೂ ಒಂದೇ ತಿಳಿನೀಲಿಯ ಹೊಳಪು ಕೊಟ್ಟಿರುತ್ತೀರಿ.

ಎರಡು ಸಲಕ್ಕೆ ಮಾಡಿ. ಮೊದಲ ಸಲ ಬಿಳಿ, ರಾ ಅಂಬರ್, ಅಲ್ಟ್ರಾಮರೀನ್ ಕಲಸಿ ಮಂಕಾದ ನೀಲಿಬೂದಿನಲ್ಲಿ ಮಡಿಕೆಗಳನ್ನು ಕಟ್ಟಿ. ಬೇಕಾದದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯಾಗಿರಲಿ. ನೆರಳಿಗೆ ಅಲ್ಟ್ರಾಮರೀನ್ ಜೊತೆ ಬರ್ಂಟ್ ಅಂಬರ್. ಇವೆರಡು ಸೇರಿದರೆ ಟ್ಯೂಬಿನ ಕಪ್ಪಿಗಿಂತ ಆಳವಾದ ಕಪ್ಪು ಬರುತ್ತದೆ. ಹಿನ್ನೆಲೆಗೂ ಅದನ್ನೇ ಹಾಕಿ, ಅಂಬರ್ ಮುಂದಾಗಿರಲಿ. ಇದು ಚೆನ್ನಾಗಿ ಒಣಗಬೇಕು. ಉಗುರಿನಿಂದ ಒತ್ತಿದರೆ ಗುರುತು ಬೀಳಬಾರದು. ಆಮೇಲೆ ಶುದ್ಧ ಅಲ್ಟ್ರಾಮರೀನ್‌ಗೆ ಸ್ವಲ್ಪ ಲಿನ್ಸೀಡ್ ಎಣ್ಣೆ ಸೇರಿಸಿ, ಇಡೀ ಹೊದಿಕೆಯ ಮೇಲೆ ಗಾಜಿನಂತೆ ತೆಳುವಾಗಿ ಹರಡಿ. ಬೆಳಕಿನ ಜಾಗದಲ್ಲಿ ಬಟ್ಟೆಯಿಂದ ಮೆಲ್ಲಗೆ ಒತ್ತಿ ತೆಗೆಯಿರಿ. ಕೆಳಗಿನ ಬೂದಿನಿಂದ ಬೆಳಕು ತಿರುಗಿ ನೀಲಿಯೊಳಗಿಂದ ಹೊರಗೆ ಬರುತ್ತದೆ. ಆ ಆಳ ಬೇರೆ ಯಾವ ರೀತಿಯಲ್ಲೂ ಬರುವುದಿಲ್ಲ.

ಕೆಂಪಿಗೂ ಇದೇ ದಾರಿ. ಕೆಳಗೆ ಕ್ಯಾಡ್ಮಿಯಮ್ ರೆಡ್ ಮತ್ತು ಬರ್ಂಟ್ ಸಿಯೆನ್ನಾ, ಒಣಗಿದ ಮೇಲೆ ಅಲಿಜರಿನ್ ಗ್ಲೇಜ್. ಆ ಕಾಲದವರು ಇಂಗಳೀಕ ಮತ್ತು ಪಾರದರ್ಶಕ ಕೆಂಪುಗಳನ್ನು ಹೀಗೆ ಒಂದರ ಮೇಲೊಂದು ಕೂರಿಸುತ್ತಿದ್ದರು. ಮುಸುಕಿನ ಬಿಳಿಯಲ್ಲಿ ಬಿಳಿ ಬಹಳ ಕಡಿಮೆ ಇದೆ. ಪ್ರಿಂಟಿನ ಮೇಲೆ ಒಂದು ಸಾದಾ ಬಿಳಿ ಕಾಗದದ ಚೂರು ಇಟ್ಟು ನೋಡಿ, ಎಷ್ಟು ಕಂದು, ಎಷ್ಟು ಬೂದು ಅಂತ ಆಶ್ಚರ್ಯವಾಗುತ್ತದೆ. ರಾ ಅಂಬರ್, ಓಕರ್, ಬಿಳಿ ಸೇರಿಸಿ ಅದನ್ನು ಕಟ್ಟಿ. ಅಪ್ಪಟ ಬಿಳಿಯನ್ನು ತಲೆಯ ಮೇಲೆ ಬೆಳಕು ಜೋರಾಗಿ ಬೀಳುವ ಒಂದೆರಡು ಕಡೆ ಮಾತ್ರ, ಎಲ್ಲಾ ಮುಗಿದ ಮೇಲೆ ಇಡಿ.

ಪದರಗಳ ವಿಷಯದಲ್ಲಿ ಮರೆಯಬಾರದ ನಿಯಮ ಒಂದೇ: ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲೆ ಹೋದಂತೆ ಹೆಚ್ಚು. ಎಣ್ಣೆ ಹೆಚ್ಚಿರುವ ಪದರ ನಿಧಾನವಾಗಿ ಒಣಗುತ್ತದೆ. ಅದು ಕೆಳಗಿದ್ದು, ಬೇಗ ಒಣಗುವುದು ಮೇಲಿದ್ದರೆ ಮುಂದೆ ಬಿರುಕು ಬಿಡುತ್ತದೆ. ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಆದ್ದರಿಂದ ಗಾಳಿ-ಬೆಳಕು ಇರುವ ಕೋಣೆಯಲ್ಲಿ ಇಡಿ, ಬೀರುವಿನೊಳಗೆ ಅಲ್ಲ. ಕತ್ತಲೆಯಲ್ಲಿಟ್ಟರೆ ಲಿನ್ಸೀಡ್ ಎಣ್ಣೆ ಹಳದಿಯಾಗುತ್ತದೆ. ಒಣಗಿದ ಅಂಬರ್ ಕೆಲವು ಕಡೆ ಮಂಕಾಗಿ ಒಳಗೆ ಇಳಿದಂತೆ ಕಾಣಬಹುದು. ಮುಂದಿನ ಕೆಲಸ ಶುರುಮಾಡುವ ಮೊದಲು ಅಲ್ಲಿಗೆ ತೊಟ್ಟು ಎಣ್ಣೆ ಸವರಿ, ಬಟ್ಟೆಯಿಂದ ಚೆನ್ನಾಗಿ ಒರೆಸಿ ತೆಗೆದರೆ ನಿಜವಾದ ಬಣ್ಣ ತಿರುಗಿ ಬರುತ್ತದೆ.

ಇದನ್ನು ದಯವಿಟ್ಟು ಹಗುರಾಗಿ ತೆಗೆದುಕೊಳ್ಳಬೇಡಿ: ಲಿನ್ಸೀಡ್ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಒಣಗುವಾಗ ಅವು ಬಿಸಿಯಾಗುತ್ತವೆ, ಮುದ್ದೆಯೊಳಗೆ ಆ ಬಿಸಿ ಸಿಕ್ಕಿಕೊಂಡು ತಾನಾಗಿ ಬೆಂಕಿ ಹತ್ತಬಹುದು. ನೀರಿನಲ್ಲಿ ನೆನೆಸಿ ಮುಚ್ಚಳದ ತಗಡಿನ ಡಬ್ಬಿಯಲ್ಲಿ ಹಾಕಿ, ಇಲ್ಲವೇ ಹೊರಗೆ ಒಂದೊಂದನ್ನೇ ಬಿಡಿಸಿ ಹರವಿ. ಟರ್ಪೆಂಟೈನ್ ಬಳಸುವಾಗ ಕಿಟಕಿ ತೆರೆದಿರಲಿ. ಅಡುಗೆಮನೆ ಹತ್ತಿರ ಕೂರಬೇಡಿ.

ನಡುವೆ ಒಂದು ದಿನ ಮಂಗಳೂರಿಗೆ ಹೋಗಿ ಬನ್ನಿ, ನಿಮಗೆ ದೂರವೇನಲ್ಲ. ಸಂತ ಅಲೋಶಿಯಸ್ ಚಾಪೆಲ್‌ನ ಒಳಗೋಡೆ, ಚಾವಣಿಗಳನ್ನು 1899ರ ಸುಮಾರಿಗೆ ಚಿತ್ರಿಸಿದ ಅಂತೋನಿಯೊ ಮೊಸ್ಕೇನಿ ಇಟಲಿಯಿಂದ ಬಂದ ಜೆಸ್ವಿಟ್ ಸಹೋದರ. ಗೋಡೆಯವು ಫ್ರೆಸ್ಕೊ (ಹಸಿ ಗಾರೆಯ ಮೇಲೆ ಬರೆದ ಚಿತ್ರ), ಚಾವಣಿಯವು ಕ್ಯಾನ್ವಾಸ್ ಮೇಲಿನ ತೈಲವರ್ಣ. ಒಂದೇ ಕೈ ಎರಡು ಮಾಧ್ಯಮದಲ್ಲಿ ಚರ್ಮವನ್ನು, ಬಟ್ಟೆಯನ್ನು ಹೇಗೆ ಹಿಡಿದಿದೆ ಅಂತ ತಲೆಯೆತ್ತಿ ನೋಡಿ. ಮೈಸೂರಿಗೆ ಹೋದಾಗ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಚಿತ್ರಗಳ ಮುಂದೆ, ಓರೆಯಿಂದ ಬೆಳಕು ಬೀಳುವ ಕಡೆ ನಿಂತು ನೋಡಿ. ಬೆಳಕಿನ ಜಾಗದಲ್ಲಿ ಬಣ್ಣ ಎದ್ದಿರುವುದು, ನೆರಳಿನಲ್ಲಿ ಕೂತಿರುವುದು ಕಾಣುತ್ತದೆ. ಇದು ಯಾವ ಪ್ರಿಂಟಿನಲ್ಲೂ ಸಿಗುವುದಿಲ್ಲ.

ನಿಮ್ಮ ಮೊದಲ ಕ್ಯಾನ್ವಾಸನ್ನು ತಿದ್ದಲು ಹೋಗಬೇಡಿ, ಹಾಗೇ ಇಡಿ. ಹೊಸದನ್ನು ಹಿಡಿಯುವ ಮೊದಲು 12×10 ಇಂಚಿನ ಆಯಿಲ್ ಶೀಟ್ (ತೈಲವರ್ಣಕ್ಕೆಂದೇ ಸಿಗುವ ಕಾಗದ) ಮೇಲೆ ಮುಖ ಒಂದನ್ನೇ, ಇದೇ ಕ್ರಮದಲ್ಲಿ ಮಾಡಿ. ಅದು ಒಣಗುವಷ್ಟರಲ್ಲಿ ದೊಡ್ಡದರ ರೇಖೆ ಮುಗಿಸಬಹುದು. ಪೂರ್ತಿ ಚಿತ್ರಕ್ಕೆ ಎರಡು ತಿಂಗಳಾದರೂ ಆಗಲಿ, ಅವಸರ ಬೇಡ. ಅದರಲ್ಲಿ ಜಾಸ್ತಿ ಭಾಗ ಒಣಗಲು ಕಾಯುವುದೇ. ವಾರ್ನಿಶ್‌ಗೆ ಆರು ತಿಂಗಳಿಂದ ವರ್ಷದವರೆಗೆ ಕಾಯಿರಿ. ಮುಗಿದ ಮೇಲೆ ಕ್ಯಾನ್ವಾಸಿನ ಹಿಂದೆ ‘ಸಾಸ್ಸೊಫೆರಾಟೊ ಚಿತ್ರದ ನಕಲು’ ಅಂತ ಬರೆದು, ನಿಮ್ಮ ಹೆಸರು ಮತ್ತು ವರ್ಷ ಹಾಕಿ. ಅವನು ಹೋಗಿ ಮುನ್ನೂರು ವರ್ಷ ದಾಟಿದೆ, ನಕಲು ಮಾಡಲು ಯಾರ ಅಡ್ಡಿಯೂ ಇಲ್ಲ. ಆದರೆ ಅದು ನಕಲು ಅಂತ ನೋಡಿದವರಿಗೆ ತಿಳಿಯಬೇಕು.

ಅಂಬರ್ ಪದರ ಮುಗಿದಾಗ ಒಂದು ಫೋಟೊ ತೆಗೆದು ಕಳಿಸಿ. ಹಗಲು ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ. ಬಣ್ಣ ಹಾಕುವ ಮೊದಲು ನೋಡಿ ಹೇಳುತ್ತೇನೆ.